ರಕ್ತಪಿಶಾಚಿಗೆ ಅರ್ಧ ಲೋಟ ಕಾಫಿ

ಆ ಮನೆಯವರು ಸತ್ತದ್ದು ರಕ್ತಪಿಶಾಚಿಯಿಂದಲ್ಲ, ಕೆಟ್ಟ ನಡವಳಿಕೆಯಿಂದ ಎಂದು ವರ್ಲಿನ್ ಟಾಲೆಫ್ಸನ್ ಹೇಳಿದಾಗ ನಮ್ಮ ಓದುಗರ ಕೂಟದಲ್ಲಿ ಯಾರೂ ಎದುರಾಡಲಿಲ್ಲ. ಎದುರಾಡುವುದು ನಮ್ಮ ಕಡೆಯ ಪದ್ಧತಿಯಲ್ಲ. ಗುಡ್ರುನ್ ಮಾತ್ರ ಲೋಟ ಕೆಳಗಿಟ್ಟು "ಹೌದಾ" ಎಂದಳು. ಮಿನ್ನೆಸೋಟದ ಉತ್ತರಕ್ಕೆ, ಕೆರೆಗಳ ನಡುವೆ ಸಿಕ್ಕಿಕೊಂಡಿರುವ ನಮ್ಮೂರಿನಲ್ಲಿ ಇದಕ್ಕಿಂತ ಜೋರಾದ ಜಗಳ ನಡೆದದ್ದು ನನಗೆ ನೆನಪಿಲ್ಲ.

"ನೀವೇ ನೋಡಿ," ಎಂದರು ವರ್ಲಿನ್. "ಮನೆಯವರು ಕರೀದೆ ಅವನು ಹೊಸಿಲು ದಾಟೋ ಹಾಗಿಲ್ಲ. ಬಂದು ಬಾಗಿಲು ತಟ್ಟಿದ. ಆ ಮನೆಯಾಕೆ ಬಾಗಿಲು ತೆಗೆದು ಒಳಗೆ ಬನ್ನಿ ಅಂದ್ಲು. ಒಂದೇ ಸಲ! ಅವನೂ ಒಂದೇ ಸಲಕ್ಕೆ ಒಳಗೆ ನುಗ್ಗಿಬಿಟ್ಟ. 'ಪರವಾಗಿಲ್ಲ ತಾಯಿ, ನಾನು ಇಲ್ಲೇ ಮೆಟ್ಟಿಲ ಮೇಲೆ ನಿಂತಿರ್ತೀನಿ, ನಿಮಗ್ಯಾಕೆ ತೊಂದ್ರೆ' ಅಂದಿದ್ರೆ ಏನಾಗ್ತಿತ್ತು? ಅವಳು ಇನ್ನೊಂದ್ಸಲ ಕರೀತಿದ್ಲು. ಇವನು ಇನ್ನೊಂದ್ಸಲ ಬೇಡ ಅಂತಿದ್ದ. ಅಷ್ಟರಲ್ಲಿ ಬೆಳಗಾಗಿರೋದು. ಯಾರೂ ಸಾಯ್ತಿರ್ಲಿಲ್ಲ. ಇಲ್ಲಾಂದ್ರೆ ಮೂರನೇ ಸಲಕ್ಕೆ ಒಳಗೆ ಬಂದು, ಅರ್ಧ ಲೋಟ ಕಾಫಿ ಕುಡಿದು, ತನ್ನ ಪಾಡಿಗೆ ತಾನು ಹೋಗಿರೋನು."

"ಅವನು ಕಾಫಿ ಕುಡಿಯೋದಿಲ್ಲ ವರ್ಲಿನ್ನೋರೇ, ರಕ್ತ ಕುಡೀತಾನೆ," ಎಂದಳು ಗುಡ್ರುನ್.

"ಯಾರಾದ್ರೂ ಕೊಟ್ಟು ನೋಡಿದ್ರಾ?"

ಪುಸ್ತಕದಲ್ಲಿ ನಿಜವಾಗಿಯೂ ಯಾರೂ ಕೊಟ್ಟಿರಲಿಲ್ಲ.

ನಾವು ಗುರುವಾರ ಮಧ್ಯಾಹ್ನಗಳಲ್ಲಿ ಚರ್ಚಿನ ನೆಲಮಾಳಿಗೆಯಲ್ಲಿ ಸೇರುವ ನಾಲ್ಕು ಜನ. ಓದುವುದು ಕೊಲೆಯ ಕಥೆ, ದೆವ್ವದ ಕಥೆ, ಅವೆರಡೇ. ಹಿಂದೊಮ್ಮೆ ಸಂಸಾರದ ಕಾದಂಬರಿಯೊಂದನ್ನು ಓದಿದ್ದೆವು. ಅದರಲ್ಲಿನ ಅತ್ತೆ ಥೇಟ್ ಯಾರ ಹಾಗಿದ್ದಾಳೆ ಎಂಬ ಮಾತು ಬಂದು ಎರಡು ಮನೆಗಳ ನಡುವೆ ಹೋಗಿಬರುವುದೇ ನಿಂತಿತು. ಕೊಲೆಗಾರರಿಗೂ ದೆವ್ವಗಳಿಗೂ ಊರಿನಲ್ಲಿ ನೆಂಟರಿಲ್ಲ. ಹಾಗಾಗಿ ನೆಮ್ಮದಿ.

ಗುಡ್ರುನ್ ಮೊದಲು ಕೊನೆಯ ಅಧ್ಯಾಯ ಓದುತ್ತಾಳೆ, ಆಮೇಲೆ ಮೊದಲಿನಿಂದ ಓದುತ್ತಾಳೆ. ಹಾಗೆ ಓದಿ ಓದಿ ಅವಳಿಗೆ ಕಥೆಯೊಳಗಿನವರಿಗೂ ಕೊನೆ ಗೊತ್ತಿದೆ ಎಂಬ ಭಾವನೆ ಬಂದುಬಿಟ್ಟಿದೆ. "ಎದೆಗೆ ಗೂಟ ಹೊಡೀತಾರೆ ಅಂತ ಗೊತ್ತಿದ್ದೂ ಬಾಗಿಲು ತಟ್ಟಿದನಲ್ಲ, ಅವನ ಧೈರ್ಯ ಮೆಚ್ಚಬೇಕು ಕಣ್ರೇ," ಎಂದಳು ಅಂದು. ಟ್ವೈಲಾ ತೀರಿಕೊಂಡ ಪಾದ್ರಿಯ ಹೆಂಡತಿ. ಕಥೆಯಲ್ಲಿ ಸತ್ತವರ ಹೆಸರುಗಳನ್ನೂ ಭಾನುವಾರದ ಪ್ರಾರ್ಥನೆಗೆ ಸೇರಿಸಿಬಿಡುತ್ತಾಳೆ. ಹೋದ ವರ್ಷ ಒಂದು ಪತ್ತೇದಾರಿ ಕಥೆಯಲ್ಲಿ ವಿಷ ಕುಡಿದು ಸತ್ತ ದವಸದ ವ್ಯಾಪಾರಿಗಾಗಿ ಊರೆಲ್ಲ ತಲೆಬಾಗಿ ಪ್ರಾರ್ಥಿಸಿತು. ಮೂರು ಮನೆಯವರು ಅವನ ಹೆಂಡತಿ ಮಕ್ಕಳಿಗೆಂದು ಆಲೂಗಡ್ಡೆ ಮಾಂಸ ಬೇಯಿಸಿ ತಟ್ಟೆ ತುಂಬ ತಂದರು. ಯಾರ ಮನೆಗೆ ಒಯ್ಯಬೇಕೆಂದು ತಿಳಿಯದೆ ಚರ್ಚಿನ ಫ್ರಿಜ್ಜಿನಲ್ಲಿಟ್ಟು ನಾವೇ ತಿಂದು ಮುಗಿಸಿದೆವು.

ನಾನು ಆರ್ಡಿಸ್ ಕ್ವಾಮೆ. ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದವಳು, ಗಂಡ ಸತ್ತವಳು. ಕೂಟಕ್ಕೆ ಪುಸ್ತಕ ಆರಿಸುವವಳೂ ನಾನೇ. ರಕ್ತಪಿಶಾಚಿಯ ಪುಸ್ತಕವನ್ನು ನಾನು ಸುಮ್ಮನೆ ಆರಿಸಿರಲಿಲ್ಲ.

ಅದೇ ವರ್ಷದ ವಸಂತದಲ್ಲಿ, ಕೆರೆಯ ಮಂಜುಗಡ್ಡೆ ಕರಗಿದ ವಾರ, ದಡದಲ್ಲಿ ದೋಣಿ ಕಟ್ಟಿಹಾಕುವ ಹಲಗೆಯ ಮೇಲೆ ನಿಂತು ವರ್ಲಿನ್ ನೀರನ್ನೇ ನೋಡುತ್ತ ಹೇಳಿದ್ದರು: "ನಮ್ಮನೆ ಒಬ್ಬನಿಗೆ ದೊಡ್ಡದಾಯ್ತು ಆರ್ಡಿಸ್. ನೀವೂ ಅಲ್ಲಿಗೇ ಬಂದು ಇರ್ಬಹುದಿತ್ತು. ಪಾದ್ರಿಗಳ ಹತ್ರ ಹೇಳಿ, ಎಲ್ಲ ಕ್ರಮವಾಗಿ." ವರ್ಲಿನ್ ಎಂದರೆ ನನಗೆ ಎಷ್ಟೋ ಕಾಲದಿಂದ ಇಷ್ಟ. ಅವರು ಮೊದಲು ಮನೆಮನೆಗೆ ಹಾಲು ಹಾಕುತ್ತಿದ್ದವರು. ಬಾಟಲಿಯ ಸದ್ದಾಗದಂತೆ ಮೆಟ್ಟಿಲ ಮೇಲಿಡುತ್ತಿದ್ದ ಆ ಕೈಗಳನ್ನು ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ನನಗೆ ಸಂತೋಷದಿಂದ ಕುಣಿಯಬೇಕೆನಿಸಿತು. ಬಾಯಿ ಮಾತ್ರ, "ಛೇ ಛೇ, ನಿಮಗ್ಯಾಕೆ ಸುಮ್ಮನೆ ತೊಂದ್ರೆ," ಎಂದಿತು.

ಮತ್ತಿನ್ನೇನು ಹೇಳಬೇಕಿತ್ತು? ಕಾಫಿಯಾಗಲಿ, ಕಾರಿನಲ್ಲಿ ಬಿಟ್ಟುಬರುವುದಾಗಲಿ, ಗಂಡನಾಗಲಿ, ಯಾರಾದರೂ ಕೊಡುತ್ತೇನೆಂದರೆ ಮೊದಲ ಸಲ ಬೇಡ ಎನ್ನಬೇಕು. ಎರಡನೇ ಸಲ ಬೇಡವೇ ಬೇಡ ಎನ್ನಬೇಕು. ಮೂರನೇ ಸಲ, ಇವರ ಮನಸ್ಸು ನೋಯಿಸಬಾರದಲ್ಲ ಎಂಬಂಥ ಮುಖ ಮಾಡಿ ಒಪ್ಪಿಕೊಳ್ಳಬೇಕು. ಕೊಡುವವರಿಗೂ ಅಷ್ಟೇ, ಮೂರರ ಮೇಲೆ ಕೇಳಿದರೆ ಅದು ಕಾಟ. ತೀರಿಕೊಂಡ ನನ್ನ ಗಂಡ ಲಾರ್ನ್ ಚಳಿಗಾಲಕ್ಕೊಂದರಂತೆ ಮೂರು ಸಲ ಕೇಳಿದ್ದ. ಮೂರನೇ ಚಳಿಗಾಲದಲ್ಲಿ, "ಆಗಲಿ, ನಿಮಗೇನೂ ತೊಂದ್ರೆ ಇಲ್ಲದಿದ್ರೆ," ಎಂದಿದ್ದೆ. ಚೆನ್ನಾಗಿಯೇ ಸಂಸಾರ ಮಾಡಿದೆವು.

ಆದರೆ ಈ ವರ್ಲಿನ್ ಒಮ್ಮೆ ಕೇಳಿ ತೆಪ್ಪಗಾದರು. ವಸಂತ ಕಳೆಯಿತು, ಸೊಳ್ಳೆಗಳು ಬಂದವು, ಎರಡನೇ ಸಲ ಬರಲಿಲ್ಲ. ನನಗೂ ವರ್ಲಿನ್ನರಿಗೂ ಮೂರು ಚಳಿಗಾಲ ಕಾಯುವ ವಯಸ್ಸಲ್ಲ. ನಾನಾಗಿ ಬಾಯಿಬಿಡುವ ಹಾಗೂ ಇಲ್ಲ. ಉಳಿದದ್ದು ಪುಸ್ತಕ ಆರಿಸುವ ಅಧಿಕಾರವೊಂದೇ. ಬಾಗಿಲಲ್ಲಿ ನಿಂತು ಕರೆಸಿಕೊಳ್ಳುವವನ ಕಥೆ ಕೊಟ್ಟರೆ, ಮತ್ತೆ ಮತ್ತೆ ಕೇಳಬೇಕೆಂಬುದು ಈ ಮನುಷ್ಯನಿಗೆ ಹೊಳೆಯಬಹುದೆಂದು ಲೆಕ್ಕ ಹಾಕಿದ್ದೆ. ಹೊಳೆದದ್ದು ನಿಜ. ಆದರೆ ಅವರಿಗೆ ಮರುಕ ಬಂದದ್ದು ಪಿಶಾಚಿಯ ಮೇಲೆ. ಅವನನ್ನು ಸರಿಯಾಗಿ ಉಪಚರಿಸಲಿಲ್ಲವೆಂದು ಕೂಟ ಮುಗಿಯುವವರೆಗೂ ಮುಖ ಸಣ್ಣದು ಮಾಡಿಕೊಂಡೇ ಕೂತಿದ್ದರು.

ಮುಂದಿನ ಸಲಕ್ಕೆ ದೆವ್ವದ ಮನೆಯ ಕಥೆ ಆರಿಸಿದೆ. ಹಾಳು ಬಂಗಲೆ, ಅದರಲ್ಲೊಂದು ಹೆಣ್ಣು ದೆವ್ವ. ಸಂಜೆಯಾದರೆ ಮಹಡಿಯ ಮೆಟ್ಟಿಲ ಮೇಲೆ ನಿಂತು ಒಂದೇ ಹೆಸರನ್ನು ಮತ್ತೆ ಮತ್ತೆ ಕರೆಯುತ್ತದೆ. ಒಂದು ಸಲಕ್ಕೆ ಸುಮ್ಮನಾಗುವ ದೆವ್ವವಲ್ಲ ಅದು. ಇದಕ್ಕಿಂತ ಬಿಡಿಸಿ ಹೇಳುವುದು ಸಾಧ್ಯವಿತ್ತೇ?

ಚರ್ಚೆಯ ದಿನ ಟ್ವೈಲಾ ನಿಂಬೆಹಣ್ಣಿನ ಸಿಹಿ ಮಾಡಿ ತಂದಿದ್ದಳು. ದೆವ್ವಕ್ಕೆ ಊರಿನವರು ಯಾರೂ ಏನೂ ಮಾಡಿಕೊಂಡು ಹೋಗಲಿಲ್ಲವಲ್ಲ ಎಂದು ಕಣ್ಣೊರೆಸಿಕೊಂಡಳು. "ಸತ್ತವಳು ಅವಳೇ, ದುಃಖದಲ್ಲಿರೋಳೂ ಅವಳೇ. ಒಂದು ತಟ್ಟೆ ಊಟ ಕೊಡೋದಕ್ಕೇನಾಗಿತ್ತು ಈ ಜನಕ್ಕೆ?"

"ನಿಮಗೇನನ್ನಿಸ್ತು ವರ್ಲಿನ್ನೋರೇ?" ಎಂದು ನಾನು ಕೇಳಿದೆ. "ಆ ಕರೆಯೋದರ ಬಗ್ಗೆ?"

ವರ್ಲಿನ್ ಟೋಪಿಯನ್ನು ಮೊಣಕಾಲ ಮೇಲೆ ಎರಡು ಸುತ್ತು ತಿರುಗಿಸಿದರು. ಆಮೇಲೆ, "ಮನೆ ಚೆನ್ನಾಗಿದೆ," ಎಂದರು.

"ಮನೆಯಾ?"

"ಅಷ್ಟು ದೊಡ್ಡ ಮನೆ, ಒಂದೇ ದೆವ್ವ. ಇನ್ನೊಬ್ರಿಗೆ ಧಾರಾಳವಾಗಿ ಜಾಗ ಇತ್ತು. ಮಹಡಿ ಮೇಲಿನ ಕೋಣೆಗೆ ಬೆಳಗಿನ ಬಿಸಿಲು ಬೀಳುತ್ತೆ. ಬಾವಿ ನೀರೂ ಸಿಹಿ. ಯಾರಾದ್ರೂ ಬಂದು ಇದ್ರೆ ಅದಕ್ಕೂ ಒಂದು ಜೊತೆ ಆಗ್ತಿತ್ತು. ನಿಮಗೆ ಹೇಗನ್ನಿಸ್ತು ಆರ್ಡಿಸ್, ಆ ಮನೆ?"

ನನಗೆ ಮೈಯೆಲ್ಲ ಉರಿದುಹೋಯಿತು. ನಾನು ಕರೆಯುವುದರ ಬಗ್ಗೆ ಕೇಳಿದರೆ ಈ ಮನುಷ್ಯ ಬಾವಿ ನೀರಿನ ಬಗ್ಗೆ ಹೇಳುತ್ತಾರೆ! ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತಂತೆ. "ನಂಗೇನೋ ಹಿಡಿಸಲಿಲ್ಲ," ಎಂದುಬಿಟ್ಟೆ. "ಬರೀ ತೇವ. ಒಂದು ರಾತ್ರಿ ಕೂಡ ಇರ್ತಿರ್ಲಿಲ್ಲ ನಾನಾಗಿದ್ರೆ."

"ಹೌದಾ," ಎಂದರು ವರ್ಲಿನ್. ಅವತ್ತು ಸಿಹಿ ತಿನ್ನಲಿಲ್ಲ. ಟ್ವೈಲಾ ಮೂರು ಸಲ ಕೇಳಿದರೂ ತಿನ್ನಲಿಲ್ಲ. ಟ್ವೈಲಾ ಮನೆಗೆ ಹೋಗಿ ಸಿಹಿಗೆ ಉಪ್ಪೇನಾದರೂ ಬಿದ್ದಿದೆಯೇ ಎಂದು ಪರೀಕ್ಷಿಸಿದಳಂತೆ.

ಮೂರನೆಯದು ಪತ್ತೇದಾರಿ ಕಥೆ. ಹಟ ಹಿಡಿದು ಹುಡುಕಿ ತಂದಿದ್ದೆ. ಅದರಲ್ಲಿ ವಯಸ್ಸಾದ ಪತ್ತೇದಾರನೊಬ್ಬ ಪ್ರತಿಯೊಬ್ಬರನ್ನೂ ಒಂದೇ ಪ್ರಶ್ನೆಯನ್ನು ಎರಡೆರಡು ಸಲ ಕೇಳುತ್ತಾನೆ. ಮೊದಲ ಉತ್ತರ ಯಾವಾಗಲೂ ಸುಳ್ಳು. ನಿಜ ಹೊರಬೀಳುವುದು ಎರಡನೇ ಸಲಕ್ಕೇ. ಪುಸ್ತಕದ ತುಂಬ ಇದೇ ಮಾತು. ಕತ್ತೆಗಾದರೂ ಅರ್ಥವಾಗಬೇಕು.

ಅಂದು ಮೊದಲು ಮಾತಾಡಿದವಳು ಗುಡ್ರುನ್. "ಕೊನೇಲಿ ತಾನೇ ಸಿಕ್ಕಿಬೀಳ್ತೀನಿ ಅಂತ ಗೊತ್ತಿದ್ದೂ ಆ ವೈದ್ಯ ಮೊದಲನೇ ಅಧ್ಯಾಯದಲ್ಲಿ ಎಷ್ಟು ಆರಾಮಾಗಿ ಮೀನು ತಿಂತಾನೆ ನೋಡಿ. ಅಂಥ ಎದೆಗಾರಿಕೆ ನನಗಿಲ್ಲಪ್ಪ."

"ಎರಡೆರಡು ಸಲ ಕೇಳೋದು ನಿಮಗೆ ಇಷ್ಟ ಆಯ್ತಾ ವರ್ಲಿನ್ನೋರೇ?" ಎಂದು ನಾನು ನೇರವಾಗಿ ಕೇಳಿದೆ.

"ಅವನು ಎಲ್ಲಾರನ್ನೂ ಕೇಳಿದ," ಎಂದರು ವರ್ಲಿನ್, ನೆಲ ನೋಡುತ್ತ. "ಪಕ್ಕದ ಮನೆ ವಿಧವೆಯನ್ನು ಮಾತ್ರ ಕೇಳ್ಬೇಕಾದ್ದು ಕೇಳಲಿಲ್ಲ. ಕೊಲೆಗಾರ ಯಾರಾದ್ರೂ ಆಗ್ಲಿ, ನಂಗೆ ಅದು ಮುಖ್ಯ ಅಲ್ಲ. ಪತ್ತೇದಾರನಿಗೂ ಯಾರೂ ಇಲ್ಲ. ಅವಳಿಗೂ ಯಾರೂ ಇಲ್ಲ. ಕೊನೇ ಪುಟದಲ್ಲಾದ್ರೂ ಇಬ್ರೂ ಒಂದೇ ಮೇಜಿಗೆ ಕೂತು ಊಟ ಮಾಡ್ಬೇಕಿತ್ತು. ಅವಳು ಒಪ್ತಿದ್ಲು ಅನ್ಸುತ್ತಾ ಆರ್ಡಿಸ್? ನಿಮ್ಮ ಅಭಿಪ್ರಾಯ ಏನು?"

ಕಥೆಯ ಮೂಲ ಸೂತ್ರವನ್ನೇ ಬಿಟ್ಟು ಊಟದ ಮೇಜು ಹಿಡಿದುಕೊಂಡರಲ್ಲ ಎಂದು ನನಗೆ ತಡೆಯಲಾಗದ ಕೋಪ ಬಂತು. "ಏನೇನೂ ಒಪ್ತಿರ್ಲಿಲ್ಲ," ಎಂದೆ. "ಅವಳ ಪಾಡಿಗೆ ಅವಳು ಹಾಯಾಗಿದ್ಲು. ಮನೆ ಇತ್ತು, ಬೆಕ್ಕಿತ್ತು. ಈ ವಯಸ್ಸಿನಲ್ಲಿ ಆ ಮುದುಕನನ್ನ ಕಟ್ಟಿಕೊಂಡು ಏನಾಗ್ಬೇಕಿತ್ತು ಅವಳಿಗೆ?"

"ಸರಿ," ಎಂದರು ವರ್ಲಿನ್. ಎದ್ದು ಟೋಪಿ ಹಾಕಿಕೊಂಡು, ತಾವು ಕೂತಿದ್ದ ಕುರ್ಚಿಯನ್ನು ಮಡಚಿ ಗೋಡೆಗೆ ಒರಗಿಸಿ, ಹೊರಟುಹೋದರು. ಮಡಚದೆ ಹೋಗುವ ಜಾತಿಯ ಮನುಷ್ಯ ಅಲ್ಲ ಅವರು.

ಎಲೆ ಉದುರುವ ಹೊತ್ತಿಗೆ ಸುದ್ದಿ ಬಂತು. ವರ್ಲಿನ್ ಮನೆ ಮಾರಿದ್ದಾರೆ. ಅರಿಜೋನದಲ್ಲಿರುವ ಮಗಳು ರೆನೇ ಬಂದು ಕರೆದುಕೊಂಡು ಹೋಗುತ್ತಾಳೆ, ಹಿಮ ಬೀಳುವ ಮೊದಲೇ. ನಾನು ಬೆಕ್ಕಿನ ಮೇಲೆ ರೇಗಿದೆ. ಲಾರ್ನ್‌ನ ಫೋಟೋದ ಮೇಲೂ ರೇಗಿದೆ. ಒಂದೇ ಒಂದು ಸಲ ಕೇಳಿ ಕೈತೊಳೆದುಕೊಳ್ಳುವ ಗಂಡಸು ಎಂಥ ಗಂಡಸು? ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಅತ್ತುಬಿಟ್ಟೆ ಕೂಡ. ಅತ್ತದ್ದನ್ನು ಗುಡ್ರುನ್‌ಗೂ ಹೇಳಲಿಲ್ಲ. ಆ ತಿಂಗಳಿಗೆ ನಾನು ಆರಿಸಿದ ಪುಸ್ತಕದಲ್ಲಿ ಸೂಚನೆಗೀಚನೆ ಏನೂ ಇರಲಿಲ್ಲ. ಜೀವ ಇರುವಾಗಲೇ ಹೂತುಬಿಟ್ಟ ಒಬ್ಬ ಮನುಷ್ಯನ ಕಥೆ ಅದು. ನನ್ನ ಮನಸ್ಸು ಹಾಗಿತ್ತು, ಪುಸ್ತಕವೂ ಹಾಗಿತ್ತು.

ಆ ಗುರುವಾರ ವರ್ಲಿನ್ ಬರುವುದಿಲ್ಲ ಎಂದುಕೊಂಡಿದ್ದೆ. ಬಂದರು. ಪುಸ್ತಕ ಹಿಂತಿರುಗಿಸದೆ ಊರು ಬಿಡುವುದು ಹೇಗೆ? ರೆನೇ ಹೊರಗೆ ಸಾಮಾನು ತುಂಬಿದ ಕಾರಿನಲ್ಲೇ ಇಂಜಿನ್ ಆರಿಸದೆ ಕೂತಿದ್ದಳು. ಟ್ವೈಲಾ ಮೆಟ್ಟಿಲು ಹತ್ತಿ ಹೋಗಿ ಒಳಗೆ ಕರೆದಳಂತೆ. ಬೇಡ ಎಂದ ರೆನೇ, ಟ್ವೈಲಾ ಎರಡನೇ ಸಲ ಕರೆಯುವಷ್ಟರಲ್ಲಿ ಕಾರಿನ ಗಾಜು ಏರಿಸಿಬಿಟ್ಟಿದ್ದಳಂತೆ. ಬಿಸಿಲಿನ ನಾಡಿನಲ್ಲಿದ್ದು ನಮ್ಮ ಕಡೆಯ ಪದ್ಧತಿ ಮರೆತಿದ್ದಾಳೆ, ಪಾಪ.

"ಒಂದು ನಿಮಿಷ ಕೂತ್ಕೊಳ್ಳಿ ವರ್ಲಿನ್ನೋರೇ," ಎಂದಳು ಗುಡ್ರುನ್. "ಪುಸ್ತಕ ಹೇಗಿತ್ತು, ಅದಾದ್ರೂ ಹೇಳಿ ಹೋಗಿ."

ವರ್ಲಿನ್ ಕೂರಲಿಲ್ಲ. ಪುಸ್ತಕವನ್ನು ಎರಡು ಕೈಯಲ್ಲಿ ಹಿಡಿದುಕೊಂಡು ನಿಂತೇ ಹೇಳಿದರು. "ಒಳ್ಳೇ ಪುಸ್ತಕ. ಆ ಪೆಟ್ಟಿಗೆಯೊಳಗಿನ ಮನುಷ್ಯ ನಂಗೆ ತುಂಬ ಹಿಡಿಸಿದ. ಅವನ ಕೈಗೆ ದಾರ ಕಟ್ಟಿದ್ರಲ್ಲ, ಗೋರಿ ಮೇಲೆ ಗಂಟೆ, ಜೀವ ಇದ್ರೆ ಬಾರಿಸ್ಲಿ ಅಂತ. ಎಚ್ಚರ ಆದಾಗ ಒಂದ್ಸಲ ಬಾರಿಸಿದ. ಯಾರೂ ಬರಲಿಲ್ಲ. ಇನ್ನೊಂದ್ಸಲ ಬಾರಿಸಿದ. ಬರಲಿಲ್ಲ. ಮೂರನೇ ಸಲಾನೂ ಬಾರಿಸಿದ. ಆಮೇಲೆ ಕೈ ಮಡಚಿಕೊಂಡು ಸುಮ್ಮನೆ ಮಲಗಿದ. ಮರ್ಯಾದಸ್ಥ."

"ಅಯ್ಯೋ, ಮಣ್ಣಿನ ಕೆಳಗೆ ಜೀವಂತ ಇದ್ದ ಕಣಪ್ಪಾ!" ಎಂದಳು ಗುಡ್ರುನ್.

"ಇದ್ರೇನು? ಮೂರು ಅಂದ್ರೆ ಮೂರು. ಮೇಲಿರೋರಿಗೂ ಕೆಲಸ ಇರುತ್ತೆ. ಅದರ ಮೇಲೂ ಬಾರಿಸಿದ್ರೆ ಕಾಟ ಕೊಟ್ಟ ಹಾಗೆ."

ನನಗೆ ಏನಾಯಿತೋ ಗೊತ್ತಿಲ್ಲ. ಕುರ್ಚಿ ಹಿಂದಕ್ಕೆ ಬಿದ್ದ ಸದ್ದಾಯಿತು, ಆಗಲೇ ನಾನು ಎದ್ದು ನಿಂತಿರುವುದು ನನಗೇ ತಿಳಿದದ್ದು. ಮೂವತ್ತು ವರ್ಷ ಬಸ್ಸಿನ ಹಿಂದಿನ ಸೀಟಿನ ಪೋರರಿಗೆ ಕೇಳುವಂತೆ ಕೂಗಿ ಅಭ್ಯಾಸವಿದ್ದ ಗಂಟಲು. "ಮೂರಂತೆ ಮೂರು! ನೀವು ಬಾರಿಸಿದ್ದು ಒಂದೇ ಸಲ!"

ಟ್ವೈಲಾ ಕೈಯಲ್ಲಿದ್ದ ಚಮಚ ಹಾಗೇ ನಿಂತಿತು.

"ಮೂರು," ಎಂದರು ವರ್ಲಿನ್ ಮೆಲ್ಲಗೆ.

"ಒಂದು! ದೋಣಿ ಹಲಗೆ ಮೇಲೆ! ಆಮೇಲೆ ಎಲ್ಲಿ ಕೇಳಿದ್ರಿ ನೀವು? ಕಾದೂ ಕಾದೂ ಸಾಕಾಗಿಹೋಯ್ತು ನಂಗೆ!"

"ದೋಣಿ ಹಲಗೆ ಮೇಲೆ ಒಂದು," ಎಂದರು ಅವರು, ಶಾಲೆಯಲ್ಲಿ ಪಾಠ ಒಪ್ಪಿಸುವ ಹುಡುಗನ ಹಾಗೆ. "ದೆವ್ವದ ಮನೆ ಓದಿದಾಗ ಎರಡು. ಮನೇಲಿ ಜಾಗ ಇದೆ, ಬೆಳಗಿನ ಬಿಸಿಲು ಬೀಳುತ್ತೆ, ನಿಮಗೆ ಹಿಡಿಸುತ್ತಾ ಅಂತ ಕೇಳಿದೆ. ಒಂದು ರಾತ್ರಿ ಕೂಡ ಇರಲ್ಲ ಅಂದ್ರಿ. ಪತ್ತೇದಾರನ ಕಥೇಲಿ ಮೂರು. ಆ ವಿಧವೆ ಒಪ್ತಾಳಾ ಅಂತ ಕೇಳಿದೆ. ಮುದುಕನನ್ನ ಕಟ್ಟಿಕೊಂಡು ಏನಾಗ್ಬೇಕು ಅಂದ್ರಿ. ಎಲ್ಲಾರ ಮುಂದೆ ಅಂದ್ರಿ. ಅದರ ಮೇಲೆ ಹೇಗೆ ಕೇಳೋದು?"

"ನಾನು ಪುಸ್ತಕದ ಬಗ್ಗೆ ಹೇಳಿದ್ದು!"

"ನಾನು ನಮ್ಮಿಬ್ರ ಬಗ್ಗೆ ಹೇಳಿದ್ದು."

"ದೇವರೇ, ನಾನೂ ಅದು ಬಾವಿ ನೀರು ಅಂತಾನೇ ತಿಳ್ಕೊಂಡೆ," ಎಂದು ಟ್ವೈಲಾ ಪಿಸುಗುಟ್ಟಿದಳು.

"ಮದುವೆ ಆಗದೆ ಹುಚ್ಚು ಬಿಡೋದಿಲ್ಲ, ಹುಚ್ಚು ಬಿಡದೆ ಮದುವೆ ಆಗೋದಿಲ್ಲ ಅಂತಾರಲ್ಲ, ಇದೇ ಇರ್ಬೇಕು," ಎಂದಳು ಗುಡ್ರುನ್.

ಇಷ್ಟು ವರ್ಷ ಓದಿದ ಹೆಣ, ಕತ್ತಿ, ಗೋರಿ ಯಾವುದೂ ನನ್ನನ್ನು ಹೀಗೆ ಹೆದರಿಸಿರಲಿಲ್ಲ. ಅವರ ಮೂರೂ ಮುಗಿದಿದ್ದವು. ಇನ್ನು ಅವರು ಕೇಳುವಂತಿಲ್ಲ, ಸತ್ತರೂ ಕೇಳುವುದಿಲ್ಲ. ಹೊರಗೆ ಇಂಜಿನ್ ಗುರುಗುಟ್ಟುತ್ತಿತ್ತು. ಮೂರು ಪುಸ್ತಕ ಕೊಟ್ಟೂ, ಅವರು ಕೇಳಿದ ಮೂರೂ ಸಲ ನನ್ನ ಬಾಯಿಂದಲೇ ಎಲ್ಲ ಹಾಳುಮಾಡಿದವಳು ನಾನು. ಈಗ ಬಾಯಿ ಬಿಡಬೇಕಾದವಳೂ ನಾನೇ.

"ವರ್ಲಿನ್ನೋರೇ, ನನ್ನ ಮನೆಗೆ ಬನ್ನಿ," ಎಂದೆ. "ಮನೆ ಚಿಕ್ಕದು. ಬೆಕ್ಕಿಗೆ ಅಪರಿಚಿತರನ್ನ ಕಂಡ್ರೆ ಆಗೋದಿಲ್ಲ. ಪಾದ್ರಿಗಳ ಹತ್ರ ಹೇಳಿ, ಎಲ್ಲ ಕ್ರಮವಾಗಿ. ನಂಗೆ ನೀವು ಬೇಕು."

ಅವರ ಮುಖ ಕೆಂಪಾಯಿತು, ಕಿವಿಯೂ ಕೆಂಪಾಯಿತು. ಅಭ್ಯಾಸ ಬಲ ನೋಡಿ, "ಛೇ ಛೇ, ನಿಮಗ್ಯಾಕೆ ಸುಮ್ಮನೆ ತೊಂದ್ರೆ," ಎಂದರು. "ರೆನೇ ಅಷ್ಟು ದೂರದಿಂದ ಬಂದಿದಾಳೆ."

ಆಗ ಹೊರಗೆ ಹಾರ್ನ್ ಕೇಳಿಸಿತು. ನಮ್ಮೂರಿನಲ್ಲಿ ಬೆಂಕಿ ಬಿದ್ದರೂ ಯಾರೂ ಹಾರ್ನ್ ಹೊಡೆಯುವುದಿಲ್ಲ. ಮೂರು ಸಲ ಕೇಳಿ, ಮಧ್ಯೆ ಮಧ್ಯೆ ಹವಾಮಾನ ವಿಚಾರಿಸಿ, ಕ್ರಮವಾಗಿ ಮುಗಿಸುವಷ್ಟು ವ್ಯವಧಾನ ಆ ಹುಡುಗಿಗಿಲ್ಲವೆಂದು ನನಗೆ ಗೊತ್ತಾಯಿತು. ಇವರು ಇನ್ನೊಮ್ಮೆ ಬೇಡವೇ ಬೇಡ ಎನ್ನಲೇಬೇಕು. ಆ ಮಾತು ಮುಗಿಯುವುದರೊಳಗೆ ಅವಳು ಕೆಳಗಿಳಿದು ಬಂದು ತೋಳು ಹಿಡಿದು ಕರೆದುಕೊಂಡು ಹೋಗಿರುತ್ತಾಳೆ. ಮೂರನೇ ಸಲವನ್ನು ನಾನು ಖಾಲಿ ಕುರ್ಚಿಗೆ ಕೇಳಬೇಕು. ಆದರೂ ಇನ್ನೇನು ಮಾಡಲಿ? ಉಸಿರು ಎಳೆದುಕೊಂಡು, "ವರ್ಲಿನ್ನೋರೇ, ತೊಂದ್ರೆ ಏನೂ ಇಲ್ಲ, ನಿಜವಾಗ್ಲೂ ನೀವು," ಎಂದು ಎರಡನೆಯದನ್ನು ಶುರುಮಾಡಿದೆ.

"ಆಗ್ಲಿ," ಎಂದರು ವರ್ಲಿನ್.

ನನ್ನ ಮಾತು ಇನ್ನೂ ಮುಗಿದಿರಲಿಲ್ಲ. ಟ್ವೈಲಾ ಚಮಚ ನೆಲಕ್ಕೆ ಬಿತ್ತು. ಗುಡ್ರುನ್ ಮರ್ಯಾದೆಗೆಂದು ಮುಖ ಗೋಡೆಯ ಕಡೆ ತಿರುಗಿಸಿಕೊಂಡಳು. ಎರಡನೇ ಸಲಕ್ಕೇ, ಅದೂ ಅರ್ಧ ಮಾತಿಗೇ, ಚರ್ಚಿನೊಳಗೆ ಹೀಗೆ ಯಾರಾದರೂ ಹೂಂ ಎಂದದ್ದನ್ನು ಅವರಿಬ್ಬರೂ ಕಂಡವರಲ್ಲ, ಕೇಳಿದವರಲ್ಲ. ವರ್ಲಿನ್ ಎದೆಗೆ ಪುಸ್ತಕ ಅವುಚಿಕೊಂಡು, ತಾವೇನು ಮಾಡಿಬಿಟ್ಟೆವೆಂದು ತಮಗೇ ನಂಬಿಕೆಯಾಗದವರಂತೆ ನಿಂತಿದ್ದರು.

"ಕ್ಷಮಿಸಿ ಆರ್ಡಿಸ್," ಎಂದರು. "ತಡೆಯೋಕಾಗ್ಲಿಲ್ಲ."

ನಾನು ಅಳುತ್ತಿದ್ದೆ, ನಗುತ್ತಲೂ ಇದ್ದೆ. ನನ್ನ ಇಡೀ ಜನ್ಮದಲ್ಲಿ ನನಗೋಸ್ಕರ ಯಾರೂ ಇಷ್ಟೊಂದು ಮರ್ಯಾದೆ ಬಿಟ್ಟಿರಲಿಲ್ಲ.